ಟೇಪಿನ ಇನ್ನೊಂದು ತುದಿ

ಜುಲೈ 4, ಸೋಮವಾರ

ಹೊಸ ನೋಟ್‌ಬುಕ್. ಹಳೆಯದರಲ್ಲಿ ಇನ್ನೂ ಹನ್ನೊಂದು ಹಾಳೆ ಉಳಿದಿತ್ತು. ತಂಗಿ ಅದರ ಹಿಂಬದಿಯಲ್ಲಿ ಅಂಗಿಗಳ ಅಳತೆ ಬರೆದುಕೊಂಡು ತನ್ನದಾಗಿಸಿಕೊಂಡಳು. ನಮ್ಮ ಮನೆಯಲ್ಲಿ ಇರುವ ಇಬ್ಬರೂ ಅಳೆಯುವವರೇ. ಅವಳು ಕೂತಲ್ಲೇ ಕೂತು ಊರವರ ತೋಳು, ಎದೆ, ಕತ್ತು ಅಳೆದು ಬಟ್ಟೆ ಹೊಲಿಯುತ್ತಾಳೆ. ನಾನು ಬಸ್ಸು ಹತ್ತಿ ಇಳಿದು ಶಾಲೆಗಳನ್ನು ಅಳೆಯುತ್ತೇನೆ. ಅವಳ ಅಳತೆ ತಪ್ಪಿದರೆ ಜನ ಬಟ್ಟೆ ವಾಪಸ್ ತಂದು ಮುಖಕ್ಕೆ ಹಿಡಿಯುತ್ತಾರೆ. ನನ್ನದನ್ನು ಇದುವರೆಗೆ ಯಾರೂ ವಾಪಸ್ ತಂದಿಲ್ಲ.

ಈ ವರ್ಷದ ನಮೂನೆ ಬಂತು. ನಲವತ್ತು ಪ್ರಶ್ನೆ. ನಡೆಯಲಾಗದ, ಕಣ್ಣು ಕಾಣದ, ಕಿವಿ ಕೇಳದ, ನಿಧಾನವಾಗಿ ಕಲಿಯುವ ಮಕ್ಕಳು ಉಳಿದವರ ಜೊತೆ ಒಂದೇ ಕೋಣೆಯಲ್ಲಿ ಕೂತು ಕಲಿಯುವ ಹಾಗಾಗಿದೆಯೇ ಎಂದು ನೋಡುವುದು. ಬಾಗಿಲಿನ ಅಗಲ, ಇಳಿಜಾರಿನ ಉದ್ದ, ಶೌಚಾಲಯದ ಹಿಡಿಕೆ, ಹಲಗೆಯ ಎತ್ತರ. ಮೂವತ್ತಾರು ಅಂಕ ಬಂದರೆ ಶಾಲೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, ಇಪ್ಪತ್ತು ದಾಟದಿದ್ದರೆ ಕೆಂಪು. ನಿರ್ದೇಶಕರ ಕೋಣೆಯ ನಕ್ಷೆಯ ಮೇಲೆ ಆಯಾ ಬಣ್ಣದ ಗುಂಡುಪಿನ್ನು ಚುಚ್ಚುತ್ತಾರೆ. ಹಸಿರಿಗಾಗಿ ಮುಖ್ಯ ಶಿಕ್ಷಕರು ನನ್ನ ಹಿಂದೆ ಮುಂದೆ ಸುಳಿಯುತ್ತಾರೆ, ಟೀ ತರಿಸುತ್ತಾರೆ. ನಾನು ಟೀ ಕುಡಿದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕಚೇರಿಯಲ್ಲಿ ಬೆನ್ನ ಹಿಂದೆ ನನಗೆ ಉಕ್ಕಿನ ಟೇಪು ಎಂದು ಹೆಸರು. ಕೇಳಿಸಿಕೊಂಡಿದ್ದೇನೆ, ಬೇಜಾರಿಲ್ಲ.

ತಂಗಿ ಸೂಜಿಗೆ ದಾರ ಪೋಣಿಸುತ್ತಾ, "ನನಗೆ ಯಾವ ಬಣ್ಣದ ಪಿನ್ನು ಹಾಕ್ತೀಯಾ?" ಅಂದಳು.

"ನೀನು ಶಾಲೆ ಬಿಟ್ಟು ನಲವತ್ತೆರಡು ವರ್ಷ ಆಯ್ತು. ನಮೂನೇಲಿ ಬರಲ್ಲ."

"ಅಬ್ಬ, ಬಚಾವಾದೆ" ಅಂದಳು.

ಜುಲೈ 7, ಗುರುವಾರ

ಬಸ್ ನಿಲ್ದಾಣದಿಂದ ಶಾಲೆಯ ಗೇಟಿಗೆ 412 ಹೆಜ್ಜೆ. ಗೇಟಿನ ಅಗಲ 1.60. ಸರಿ.

ಇಲ್ಲಿ ಗಾಲಿಕುರ್ಚಿಯ ಹುಡುಗಿ ಒಬ್ಬಳಿದ್ದಾಳೆ. ಆರನೇ ತರಗತಿ, ಹನ್ನೊಂದು ವರ್ಷ. ಎಲ್ಲರೂ ಅವಳನ್ನು ಜಡ್ಜಮ್ಮ ಅನ್ನುತ್ತಾರೆ. ಬಯಲಿನಲ್ಲಿ ಆಟಕ್ಕೆ ಜಗಳವಾದರೆ ಮಕ್ಕಳು ನೇರ ಇವಳ ಕುರ್ಚಿಯ ಮುಂದೆ ಬಂದು ನಿಲ್ಲುತ್ತಾರೆ. ಇವಳು ಎರಡೂ ಕಡೆ ಕೇಳಿ, ಕತ್ತು ಓರೆ ಮಾಡಿ, ತೀರ್ಪು ಕೊಡುತ್ತಾಳೆ. ಯಾರೂ ಎದುರು ಮಾತಾಡುವುದಿಲ್ಲ. ಇಂಥ ಅಧಿಕಾರ ನನಗೆ ಮೂವತ್ತು ವರ್ಷದ ನೌಕರಿಯಲ್ಲಿ ಸಿಕ್ಕಿಲ್ಲ.

ಅವಳ ಹಿಂದೆ ಒಬ್ಬ ಆಯಾ. ಗಟ್ಟಿ ತೋಳಿನ ಹೆಂಗಸು, ಮೊದಲು ಲಾಂಡ್ರಿಯಲ್ಲಿ ಒದ್ದೆ ಹಾಸುಗಳನ್ನು ಎತ್ತಿ ಹಿಂಡುತ್ತಿದ್ದಳಂತೆ. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಹುಡುಗಿಯನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋಗಿ ಬರುತ್ತಾಳೆ. ಪ್ರಶ್ನೆ 31, ನೆರವಿನ ವ್ಯಕ್ತಿ ಇದ್ದಾರೆಯೇ. ಹೌದು.

ಎಲ್ಲ ಮುಗಿದಾಗ ಮೂವತ್ತೈದು ಅಂಕ ಆಗಿತ್ತು. ಉಳಿದದ್ದು ಇಳಿಜಾರು ಒಂದೇ. ಕಟ್ಟೆಯ ಎತ್ತರ 48 ಸೆಂಟಿಮೀಟರ್. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಳಿಜಾರಿನ ಉದ್ದ ಐದು ಮೀಟರ್ ಎಪ್ಪತ್ತಾರು ಇರಬೇಕು. ಟೇಪಿನ ತುದಿ ಹಿಡಿಯಲು ಯಾರಾದರೂ ಬೇಕಿತ್ತು. "ನಾನು ಹಿಡೀತೀನಿ ಸಾರ್" ಅಂತ ಜಡ್ಜಮ್ಮ ಕೆಳಗೆ ಉರುಳಿಸಿಕೊಂಡು ಹೋದಳು. ಕುರ್ಚಿಯಿಂದ ಬಗ್ಗಿ ಕೊಕ್ಕೆಯನ್ನು ನೆಲಕ್ಕೊತ್ತಿ, "ಹಿಡ್ದೆ" ಎಂದು ಕೂಗಿದಳು.

ಸರಿಯಾಗಿ ಐದು ಮೀಟರ್.

"ಸಾಕಾ ಸಾರ್?"

"ಸಾಲಲ್ಲಮ್ಮ. ಐದು ಎಪ್ಪತ್ತಾರು ಬೇಕು."

"ಅಂದ್ರೆ ನಮ್ಮ ಶಾಲೆ ಹಸಿರು ಆಗಲ್ವಾ? ಗೇಟಿಗೆ ಬೋರ್ಡ್ ಹಾಕ್ತಾರೆ ಅಂತ ದೊಡ್ಡ ಟೀಚರ್ ಹೇಳಿದ್ರು." ಸ್ವಲ್ಪ ಯೋಚಿಸಿದಳು. "ಇನ್ನೊಂದ್ಸಲ ಅಳೀರಿ ಸಾರ್. ನಾನು ಸರಿಯಾಗಿ ಹಿಡಿದಿರಲಿಲ್ಲ."

ಎರಡನೇ ಸಲ ಐದು ಎಂಬತ್ತು ಬಂತು. ತಲೆಯೆತ್ತಿ ನೋಡಿದರೆ ಕುರ್ಚಿ ಇಳಿಜಾರಿನ ಅಂಚು ದಾಟಿ ಒಂದು ದೊಡ್ಡ ಹೆಜ್ಜೆ ದೂರ ಮಣ್ಣಿನ ಮೇಲೆ ನಿಂತಿದೆ, ಕೊಕ್ಕೆಯೂ ಅಲ್ಲೇ. ಅವಳು ನನ್ನನ್ನು ನೋಡಲಿಲ್ಲ. ಅತ್ತ ಆಕಾಶ ನೋಡುತ್ತಿದ್ದಳು.

5.80 ಎಂದು ಬರೆದೆ. ಮೂವತ್ತಾರು.

ಯಾಕೆ ಬರೆದೆ ಎಂದು ಬಸ್ಸಿನಲ್ಲಿ ಯೋಚಿಸಿದೆ. ಚಿಕ್ಕಂದಿನಲ್ಲಿ ತಂಗಿಯ ಕಾಲು ಬಿದ್ದುಹೋದ ಮೇಲೆ ಆರು ವರ್ಷ ನಾನೇ ಅವಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದೆ. ದಿನಕ್ಕೆ ಎರಡು ಕಿಲೋಮೀಟರ್, ಹೋಗಿ ಬಂದು. ಈಗಲೂ ಆ ಮಾತು ಬಂದರೆ ನನ್ನ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಇಳಿಸಿದ ಕೂಡಲೇ ಅವಳು ಎರಡು ಚೊಂಬು ನೀರು ಒಂದೇ ಉಸಿರಿಗೆ ಗಟಗಟ ಕುಡಿಯುತ್ತಿದ್ದಳು. ಅಮ್ಮ ಅವಳಿಗೆ ಮೀನು ಎಂದೇ ಹೆಸರಿಟ್ಟಿದ್ದಳು. ಹೊತ್ತವನು ನಾನು, ಬಾಯಾರಿಕೆ ಅವಳಿಗೆ ಎಂದು ಮನೆಯವರೆಲ್ಲ ನಗುತ್ತಿದ್ದೆವು.

ಜುಲೈ 22, ಶುಕ್ರವಾರ

ನಕ್ಷೆಯ ಮೇಲೆ ಹೊಸ ಹಸಿರು ಪಿನ್ನು. ನಿರ್ದೇಶಕರು ಚುಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. "ಟೇಪು ಕೊಟ್ಟ ಹಸಿರು, ಅನುಮಾನವೇ ಇಲ್ಲ" ಅಂದರು. ಎದುರಿಗೇ ಟೇಪು ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಗಸ್ಟ್ 16, ಮಂಗಳವಾರ

ದೊಡ್ಡ ಟೀಚರ್ ಫೋನು. ಬೋರ್ಡಿಗೆ ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡು ಎತ್ತಿದೆ.

"ಸಾರ್, ನಮ್ಮ ಆಯಾನ ಬೇರೆ ಶಾಲೆಗೆ ಹಾಕಿದಾರೆ. ನಾಳೆಯಿಂದ ಇಲ್ಲ. ಯಾಕೆ ಅಂತ ಕೇಳಿದ್ರೆ ನಿಮ್ಮದು ಹಸಿರು ಅಲ್ವಾ ಅಂತಾರೆ."

ಕಚೇರಿಗೆ ಹೋಗಿ ಫೈಲು ತೆಗೆಸಿದೆ. ಮೇ ತಿಂಗಳ ಸುತ್ತೋಲೆ. ಆಯಾಗಳ ಸಂಖ್ಯೆ ಕಡಿಮೆ ಇರುವುದರಿಂದ ಗುರಿ ಮುಟ್ಟಿದ ಶಾಲೆಗಳಲ್ಲಿ ಇರುವವರನ್ನು ಹಳದಿ ಮತ್ತು ಕೆಂಪು ಶಾಲೆಗಳಿಗೆ ಕಳಿಸುವುದು. ಐದನೇ ಪ್ಯಾರಾ. ಕೆಳಗೆ ಓದಿದ್ದೇನೆ ಎಂಬುದಕ್ಕೆ ಎಲ್ಲರ ಸಹಿ. ಮೂರನೆಯದು ನನ್ನದು.

ಓದಿರಲಿಲ್ಲ. ಸಹಿ ಹಾಕಿ ಮುಂದಿನ ಮೇಜಿಗೆ ತಳ್ಳಿದ್ದೆ. ಸುತ್ತೋಲೆಗಳನ್ನು ನಾವೆಲ್ಲ ಹಾಗೇ ಓದುವುದು.

ಸೆಪ್ಟೆಂಬರ್ 1, ಗುರುವಾರ

ಶಾಲೆಗೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ. ಗೇಟಿಗೆ ಹಸಿರು ಬೋರ್ಡು ಹಾಕಿದ್ದಾರೆ.

ಮೊದಲ ವಾರ ದೊಡ್ಡ ಟೀಚರೇ ಹುಡುಗಿಯನ್ನು ಎತ್ತಿದರಂತೆ. ಅವರಿಗೆ ಐವತ್ತೇಳು ವರ್ಷ. ಆರನೇ ದಿನ ಸೊಂಟ ಹಿಡಿದುಕೊಂಡಿತು. ಉಳಿದ ಇಬ್ಬರು ಟೀಚರುಗಳಲ್ಲಿ ಒಬ್ಬಳು ತುಂಬು ಬಸುರಿ. ಇನ್ನೊಬ್ಬಳು ಮನಸ್ಸು ಬಂದ ದಿನ ಎತ್ತುತ್ತಾಳೆ, ಬಾರದ ದಿನ ಕಂಡೂ ಕಾಣದ ಹಾಗೆ ಹೋಗುತ್ತಾಳೆ. ಮಕ್ಕಳು ಎತ್ತಬಾರದು ಎಂದು ನಿಯಮವಿದೆ. ಅದು ನಮ್ಮ ನಮೂನೆಯಲ್ಲೇ ಇದೆ, ಪ್ರಶ್ನೆ 33.

ಹನ್ನೊಂದಕ್ಕೆ ನೀರಿನ ಗಂಟೆ ಹೊಡೆಯಿತು. ಮಕ್ಕಳೆಲ್ಲ ಬಾಟಲಿ ಎತ್ತಿ ಕುಡಿಯಬೇಕು. ಜಡ್ಜಮ್ಮನೂ ಎತ್ತಿದಳು, ಬಾಯಿಗಿಟ್ಟಳು, ಗಂಟಲನ್ನೂ ಆಡಿಸಿದಳು, ಕೆಳಗಿಟ್ಟಳು. ಬಾಟಲಿಯ ಮೇಲೆ ನಕ್ಷತ್ರದ ಚೀಟಿ ಅಂಟಿಸಿದ್ದಾಳೆ. ನೀರು ಮೊದಲೂ ನಕ್ಷತ್ರದ ಮೇಲಿನ ತುದಿಗೆ ಇತ್ತು, ಆಮೇಲೂ ಅಲ್ಲೇ ಇತ್ತು. ಅಳೆಯುವವನ ಕಣ್ಣು, ಇಂಥದ್ದು ಬೇಡವೆಂದರೂ ಕಾಣುತ್ತದೆ. ಮೂರೂವರೆಗೆ ಶಾಲೆ ಬಿಟ್ಟಾಗಲೂ ನೀರು ನಕ್ಷತ್ರದ ತುದಿಯಲ್ಲೇ ಇತ್ತು.

ಸೆಪ್ಟೆಂಬರ್ 5, ಸೋಮವಾರ

ನಿರ್ದೇಶಕರಿಗೆ ಪತ್ರ ಬರೆದೆ. ಇಳಿಜಾರಿನ ಅಳತೆ ತಪ್ಪಾಗಿ ನಮೂದಾಗಿದೆ, ಶಾಲೆಯನ್ನು ಹಳದಿಗೆ ಇಳಿಸಿ ಆಯಾಳನ್ನು ವಾಪಸ್ ಕಳಿಸಬೇಕು. "ತಪ್ಪಾಗಿ ನಮೂದಾಗಿದೆ" ಎಂದರೆ ತಾನೇ ಹೋಗಿ ನಮೂದಾದ ಹಾಗೆ ಇದೆ. ಮೂರು ಸಲ ತಿದ್ದಿ ಹಾಗೇ ಬಿಟ್ಟೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಬೇಕೆಂದೇ ಸುಳ್ಳು ಅಳತೆ ಎಂದು ಬರೆದರೆ ನಾನು ಅಳೆದ ಎಲ್ಲ ಶಾಲೆಗಳ ಮೇಲೂ ಕಣ್ಣು ಬೀಳುತ್ತದೆ.

ನಾಳೆ ಕೊಡುತ್ತೇನೆ.

ಸೆಪ್ಟೆಂಬರ್ 12, ಸೋಮವಾರ

ಪತ್ರ ಚೀಲದಲ್ಲಿದೆ. ನಿರ್ದೇಶಕರು ಇವತ್ತು ಸಭೆಯಲ್ಲಿದ್ದರು.

ಸೆಪ್ಟೆಂಬರ್ 16, ಶುಕ್ರವಾರ

ಸಭೆ ಇರಲಿಲ್ಲ. ಕೋಣೆಯ ಬಾಗಿಲವರೆಗೆ ಹೋಗಿ ಬಂದೆ.

ಸೆಪ್ಟೆಂಬರ್ 20, ಮಂಗಳವಾರ

ಬೆಳಗ್ಗೆ ಏಳೂವರೆಯಿಂದ ಸಂಜೆ ನಾಲ್ಕರವರೆಗೆ ನೀರು ಕುಡಿಯಲಿಲ್ಲ. ಟೀಯನ್ನೂ ಬಿಟ್ಟೆ. ಹನ್ನೆರಡರ ಹೊತ್ತಿಗೆ ನಾಲಿಗೆ ಅಂಟತೊಡಗಿತು. ಎರಡಕ್ಕೆ ತಲೆ ಸಿಡಿಯಿತು, ಒಂದು ಕೂಡಿಸುವ ಲೆಕ್ಕ ಎರಡು ಸಲ ತಪ್ಪಿತು. ಮನೆಗೆ ಬಂದು ಹೂಜಿಯಿಂದ ನೇರವಾಗಿ ಗಟಗಟ ಕುಡಿದೆ. ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದಳು. ತುಂಬಾ ಹೊತ್ತು ನೋಡುತ್ತಲೇ ಇದ್ದಳು.

ಸೆಪ್ಟೆಂಬರ್ 27, ಮಂಗಳವಾರ

ಹುಡುಗಿಗೆ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ. ನೀರು ಕುಡಿಯದೆ, ತಡೆದು ತಡೆದು, ಸೋಂಕು ಮೇಲಕ್ಕೆ ಮೂತ್ರಪಿಂಡದವರೆಗೆ ಹೋಗಿದೆಯಂತೆ. ಟೀಚರ್ ಫೋನಿನಲ್ಲಿ ಅತ್ತರು.

ಪತ್ರ ಇನ್ನೂ ಚೀಲದಲ್ಲಿತ್ತು. ಇಪ್ಪತ್ತೆರಡು ದಿನ.

ಸೆಪ್ಟೆಂಬರ್ 28, ಬುಧವಾರ

ಹಳೆಯ ಪತ್ರ ಹರಿದು ಹೊಸದು ಬರೆದೆ. ಅಳತೆ ಐದು ಮೀಟರ್ ಇತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಹೆಚ್ಚು ಬರೆದೆ. ಕೈಯಲ್ಲೇ ಕೊಟ್ಟೆ.

ನಿರ್ದೇಶಕರು ಎರಡು ಸಲ ಓದಿದರು. ಕನ್ನಡಕ ತೆಗೆದರು. "ನೀವಾ?" ಅಂದರು. ಅಷ್ಟೇ ಕೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಮೆಲ್ಲಗೆ, "ವರದಿ ಮೇಲೆ ಹೋಗಿಬಿಟ್ಟಿದೆ. ನವೆಂಬರ್ ಮರುಮಾಪನದವರೆಗೆ ಯಾರೂ ಅದನ್ನ ತೆರೆಯೋ ಹಾಗಿಲ್ಲ. ಆಗ ನೀವೇ ಸರಿಯಾಗಿ ಅಳೆದು ಬರೀರಿ. ಈ ಪತ್ರ ನಾನು ನೋಡಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ನನ್ನನ್ನು ಉಳಿಸಿದರು. ಉಳಿದದ್ದಕ್ಕೆ ಒಳಗೊಳಗೆ ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಅಕ್ಟೋಬರ್ 6, ಗುರುವಾರ

ಆಯಾಳ ಹೊಸ ಶಾಲೆ ಹುಡುಕಿಕೊಂಡು ಹೋದೆ. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ತೋಳು ಒತ್ತಿಕೊಳ್ಳುತ್ತಿದ್ದಳು. ಅಲ್ಲಿ ಎತ್ತಬೇಕಾದ ಮಕ್ಕಳು ಮೂವರು.

"ಜಡ್ಜಮ್ಮ ಹೇಗಿದೆ ಸಾರ್? ಅದು ಬಾಯ್ಬಿಟ್ಟು ಹೇಳೋದಿಲ್ಲ. ಹೋಗ್ಬೇಕು ಅನ್ನಿಸಿದಾಗ ಪೆನ್ಸಿಲ್ ಕಚ್ಚುತ್ತೆ. ಹೊಸಬರಿಗೆ ಅದೊಂದು ಹೇಳಿಬಿಡಿ."

ಹೊಸಬರು ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ವಾಪಸ್ ಬರ್ತೀಯಾ ಎಂದು ಕೇಳಿದೆ.

"ಕಳಿಸಿದ್ರೆ ಬರ್ತೀನಿ. ಆದ್ರೆ ಇವರನ್ನ ಯಾರು ಎತ್ತೋದು?" ಅಂದಳು. ಒಳಗಿನಿಂದ ಯಾವುದೋ ಮಗು ಕರೆಯಿತು. ಎದ್ದು ಹೋದಳು.

ಅಕ್ಟೋಬರ್ 19, ಬುಧವಾರ

ಹುಡುಗಿ ಆಸ್ಪತ್ರೆಯಿಂದ ಬಂದು ಹತ್ತು ದಿನವಾಯಿತು. ಶಾಲೆಗೆ ಬಂದಿಲ್ಲ. ಅವಳ ತಾಯಿ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಮಧ್ಯೆ ಬಿಟ್ಟುಬರಲು ಆಗುವುದಿಲ್ಲ. ಮನೆಯಲ್ಲಾದರೆ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾಳೆ. ಹಾಗಾಗಿ ಮನೆಪಾಠಕ್ಕೆ ಬರೆದುಕೊಟ್ಟಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಒಬ್ಬ ಟೀಚರ್ ಮನೆಗೆ ಹೋಗಿ ಒಂದು ಗಂಟೆ ಕಲಿಸುವುದು.

ನಮ್ಮ ಪಟ್ಟಿಯಲ್ಲಿ ಮನೆಪಾಠದವರೂ ಶಾಲೆಯ ಮಕ್ಕಳೇ. ಒಟ್ಟು ಸಂಖ್ಯೆ ಒಂದೂ ಕಡಿಮೆಯಾಗಿಲ್ಲ.

ನವೆಂಬರ್ 3, ಗುರುವಾರ

ತಂಗಿ ಗುಂಡಿ ಹೊಲಿಯುತ್ತಿದ್ದಳು. ಇಷ್ಟು ವರ್ಷ ಕೇಳದ್ದನ್ನು ಇವತ್ತು ಕೇಳಿದೆ.

"ನೀನು ಶಾಲೆ ಯಾಕೆ ಬಿಟ್ಟೆ?"

"ಇಷ್ಟ ಇರಲಿಲ್ಲ. ಅವತ್ತೇ ಹೇಳಿದ್ನಲ್ಲ."

"ಶಾಲೆಯಲ್ಲಿ ನೀರು ಕುಡೀತಿದ್ಯಾ?"

ಸೂಜಿ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ, ಗುಂಡಿಯನ್ನೇ ನೋಡುತ್ತಾ ಹೇಳಿದಳು. "ಕುಡಿದ್ರೆ ಯಾರು ಕರ್ಕೊಂಡು ಹೋಗ್ತಿದ್ರು? ನೀನು ಹುಡುಗರ ಕಡೆ ಇರ್ತಿದ್ದೆ. ಒಂದು ದಿನ ತಡ್ಕೊಳ್ಳೋಕೆ ಆಗಲಿಲ್ಲ. ಬೆಂಚು ಒದ್ದೆ ಆಯ್ತು. ಟೀಚರ್ ಎಲ್ಲರನ್ನೂ ಹೊರಗೆ ಕಳಿಸಿದ್ರು. ಮನೆಗೆ ಬರ್ತಾ ನಿನ್ನ ಅಂಗಿ ಬೆನ್ನಲ್ಲಿ ಒದ್ದೆ ಆಗಿತ್ತು. ಬೆವರು ಅಂದುಕೊಂಡೆ ನೀನು."

"ನನಗೆ ಯಾಕೆ ಹೇಳಲಿಲ್ಲ?"

"ಅಷ್ಟು ದೂರ ಹೊತ್ಕೊಂಡು ಹೋಗ್ತಿದ್ದೆ. ಇನ್ನೂ ಏನು ಕೇಳಲಿ ನಿನ್ನ ಹತ್ರ?"

ಮೀನು ಎಂದು ನಗುತ್ತಿದ್ದೆವು. ಎದುರಿಗೇ ಎರಡು ಚೊಂಬು ನೀರು ಕುಡಿಯುತ್ತಿದ್ದಳು, ದಿನಾ, ಆರು ವರ್ಷ. ಎಷ್ಟು ದೂರ ಹೊತ್ತೆ ಎಂಬುದನ್ನು ಲೆಕ್ಕ ಇಟ್ಟವನು ನಾನು. ಅವಳು ಎಷ್ಟು ಹೊತ್ತು ತಡೆದಳು ಎಂಬುದು ನನ್ನ ತಲೆಗೇ ಬರಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಅವಳಿಗೆ ಕೇಳಿಸಿರಬೇಕು. ಹೊಲಿಗೆ ಯಂತ್ರದ ಮೋಟಾರನ್ನು ಜೋರಾಗಿ ಹಾಕಿಬಿಟ್ಟಳು.

ನವೆಂಬರ್ 14, ಸೋಮವಾರ

ಮರುಮಾಪನ ಶುರು. ಮನೆಪಾಠದ ಮಕ್ಕಳನ್ನು ಮನೆಗೇ ಹೋಗಿ ನೋಡಬೇಕು. ಅದಕ್ಕೊಂದು ಬೇರೆ ಹಾಳೆ. ಮಗುವಿಗೆ ಪಾಠ ತಲುಪುತ್ತಿದೆಯೇ, ಹೌದು ಅಥವಾ ಇಲ್ಲ.

ಒಂದೇ ಕೋಣೆ. ಕಿಟಕಿಯ ಪಕ್ಕ ಅವಳ ಕುರ್ಚಿ. ಮುಖ ಸಣ್ಣದಾಗಿದೆ, ಕಣ್ಣು ಮಾತ್ರ ಅಷ್ಟೇ ಇವೆ. ಮಡಿಲಲ್ಲಿ ಅದೇ ಬಾಟಲಿ, ಖಾಲಿ. ನಾನು ನೋಡಿದ್ದನ್ನು ಅವಳು ನೋಡಿದಳು.

"ಇಲ್ಲಿ ಎಷ್ಟು ಬೇಕಾದ್ರೂ ಕುಡೀಬಹುದು ಸಾರ್" ಅಂದಳು.

ತಾಯಿ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. "ಆಯಾ ಬರಲಿ, ನಾಳೆನೇ ಕಳಿಸ್ತೀನಿ. ಇಲ್ಲಾಂದ್ರೆ ಕೇಳಬೇಡಿ. ಹನ್ನೆರಡು ದಿನ ಆಸ್ಪತ್ರೇಲಿ ಅವಳ ಪಕ್ಕ ಕೂತಿದ್ದವಳು ನಾನು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅವಳು ಹೋಗುವುದನ್ನೇ ಕಾಯುತ್ತಿದ್ದಂತೆ ಹುಡುಗಿ ಕೇಳಿದಳು. "ಸಾರ್, ನಾನು ಟೇಪಲ್ಲಿ ಮೋಸ ಮಾಡಿದ್ದಕ್ಕೇನಾ ಆಯಾ ಅಕ್ಕನ್ನ ಕಳಿಸಿಬಿಟ್ಟಿದ್ದು?"

ನಾಲ್ಕು ತಿಂಗಳಿಂದ ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಾಳೆ. ತಾಯಿಗೂ ಹೇಳಿಲ್ಲ.

"ಅಲ್ಲಮ್ಮ. ನೀನು ಎಲ್ಲಿ ಹಿಡಿದಿದ್ದೀಯ ಅಂತ ನಾನು ನೋಡಿದ್ದೆ. ನೋಡಿಯೂ ಬರೆದೆ. ತಪ್ಪು ನಂದು."

ಕತ್ತು ಓರೆ ಮಾಡಿ ಯೋಚಿಸಿದಳು, ಬಯಲಿನಲ್ಲಿ ಮಾಡುತ್ತಿದ್ದ ಹಾಗೇ. ಎರಡೂ ಕಡೆ ಕೇಳಿಯಾಗಿತ್ತು.

"ಹಾಗಾದ್ರೆ ಇನ್ನೊಂದ್ಸಲ ಅಳೀರಿ ಸಾರ್. ಈ ಸಲ ಸರಿಯಾಗಿ ಹಿಡೀತೀನಿ."

ಹಾಳೆಯಲ್ಲಿ ಏನನ್ನೂ ಗುರುತು ಮಾಡದೆ ಬಂದೆ.

ನವೆಂಬರ್ 15, ಮಂಗಳವಾರ

ನಿರ್ದೇಶಕರ ಹತ್ತಿರ ಹೋದೆ. ಶಾಲೆ ಹಳದಿಯಾದರೆ ಆಯಾ ಬರುತ್ತಾಳಲ್ಲವೇ ಎಂದು ಕೇಳಿದೆ.

"ಶಾಲೆಗೆ ಬರೋ ಮಗು ಇದ್ರೆ ಕೊಡಬಹುದು. ಅಲ್ಲಿ ಈಗ ಮಗುವೇ ಇಲ್ವಲ್ಲ. ಬರಲಿ, ನೋಡೋಣ."

ಆಯಾ ಬಂದರೆ ಮಗು. ಮಗು ಬಂದರೆ ಆಯಾ. ನಾನು ಎರಡರ ನಡುವೆ ಚೀಲ ಹಿಡಿದು ನಿಂತಿದ್ದೆ. ಸೆಪ್ಟೆಂಬರ್‌ನ ಪತ್ರವನ್ನು ಮತ್ತೆ ಮೇಜಿನ ಮೇಲಿಟ್ಟೆ. "ಇದನ್ನ ನೋಡಿ ಸಾರ್, ಈ ಸಲ ನೋಡಿ" ಎಂದೆ. ಟಪಾಲು ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಂಡೇ ಎದ್ದೆ. ಏನಾಗುತ್ತದೋ ಆಗಲಿ.

ಸಂಜೆ ತಂಗಿಗೆ ಹೇಳಿದೆ. "ಆ ಹುಡುಗಿ ಮನೆ ಎಷ್ಟು ದೂರ?" ಅಂದಳು. ಎಷ್ಟು ಎಂದು ನೋಡಿರಲಿಲ್ಲ.

ನವೆಂಬರ್ 22, ಮಂಗಳವಾರ

ಶಾಲೆಯ ಮರುಮಾಪನ. ಬಾಗಿಲು, ಹಿಡಿಕೆ, ಹಲಗೆ, ಎಲ್ಲ ಇದ್ದ ಹಾಗೇ ಇವೆ. ಪ್ರಶ್ನೆ 31, ನೆರವಿನ ವ್ಯಕ್ತಿ. ನೆರವು ಬೇಕಾದ ಮಗು ಶಾಲೆಯಲ್ಲಿ ಇಲ್ಲದಿದ್ದರೆ ಅನ್ವಯಿಸುವುದಿಲ್ಲ ಎಂದು ಬರೆದು ಪೂರ್ತಿ ಅಂಕ ಕೊಡಬೇಕೆಂದು ಸೂಚನೆ. ಅಲ್ಲಿ ನಾನು 'ಇಲ್ಲ' ಎಂದು ಬರೆದೆ. ಕಂಪ್ಯೂಟರು ಒಪ್ಪುವುದಿಲ್ಲ ಸಾರ್ ಎಂದರು ದೊಡ್ಡ ಟೀಚರ್. ಗೊತ್ತು ಎಂದೆ.

ಕೊನೆಗೆ ಇಳಿಜಾರು. ಹಿಡಿಯಲು ಯಾರೂ ಇರಲಿಲ್ಲ. ಕೊಕ್ಕೆಯನ್ನು ಕೆಳಗಿನ ಅಂಚಿಗೆ ಸಿಕ್ಕಿಸಿ, ಜಾರದಿರಲಿ ಎಂದು ಒಂದು ಇಟ್ಟಿಗೆ ಇಟ್ಟೆ. ಟೇಪು ಬಿಡುತ್ತಾ ಮೇಲೆ ಹೋಗಿ ನಿಂತು, ಬಾಯಿ ತಪ್ಪಿ, "ಹಿಡ್ದ್ಯಾ?" ಎಂದು ಕೂಗಿಬಿಟ್ಟೆ.

ಆರನೇ ತರಗತಿಯ ಕಿಟಕಿಯಲ್ಲಿ ನಾಲ್ಕಾರು ತಲೆಗಳು ಕಾಣಿಸಿದವು. ಒಂದು ಹುಡುಗಿ, "ಜಡ್ಜಮ್ಮ ಇಲ್ಲ ಸಾರ್. ಅವಳು ಬರಲ್ಲ ಈಗ" ಅಂದಳು. ನನಗೆ ತಿಳಿದಿಲ್ಲವೇನೋ ಎಂದುಕೊಂಡು ಮೆತ್ತಗೆ ಹೇಳಿದಳು.

ಗೊತ್ತಮ್ಮ ಎಂದೆ. ಐದು ಮೀಟರ್ ಎಂದು ಬರೆದೆ.